ಹದಿನೆಂಟಕ್ಕೆ ಎಂಟು ಅಡಿ: ಮಿನೆಸೋಟಾದ ಹಿತ್ತಿಲಲ್ಲಿ ಒಂದು ಚಿಟ್ಟೆಪಾತಿ

ಮಿನಿಯಾಪೊಲಿಸ್ ನಗರದ ಹೊರವಲಯದಲ್ಲಿ ನಮ್ಮ ಮನೆ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಯಾವ ದಿನ ಬೇಕಾದರೂ ಹಿಮ ಬೀಳಬಹುದಾದ ಊರು. ಮೇ ತಿಂಗಳ ಮಧ್ಯದವರೆಗೂ ಒಂದು ರಾತ್ರಿಯ ಹಿಮಗಾಳಿ ಎಳೆ ಸಸಿಗಳನ್ನು ಕರಿದ ಸೊಪ್ಪಿನಂತೆ ಮಾಡಿಬಿಡುತ್ತದೆ. ನಾನು ಬೆಳೆದದ್ದು ತಿಪಟೂರಿನ ಕಡೆ. ಅಲ್ಲಿ ಬೇಲಿಗೆಂದು ನೆಟ್ಟ ಗೂಟವೂ ಚಿಗುರುತ್ತದೆ. ಆ ಕೈಯನ್ನೇ ಇಲ್ಲಿಗೂ ತಂದದ್ದರಿಂದ ಆದ ತಪ್ಪುಗಳು ಈ ಬರಹದ ಮುಕ್ಕಾಲು ಪಾಲು. ದಿನಾಂಕ, ಅಳತೆ, ಖರ್ಚು ಎಲ್ಲವೂ ಗ್ಯಾರೇಜಿನ ಮೊಳೆಗೆ ನೇತುಹಾಕಿರುವ ನೋಟ್‌ಪುಸ್ತಕದಲ್ಲಿ ಬರೆದಿಟ್ಟವು.

ಏಪ್ರಿಲ್ 2023: ನಲವತ್ತು ಬೀಜ, ಮೂರು ಮೊಳಕೆ

ಮೊನಾರ್ಕ್ ಚಿಟ್ಟೆ ಮಿಲ್ಕ್‌ವೀಡ್ ಗಿಡದ ಮೇಲೆ ಮಾತ್ರ ಮೊಟ್ಟೆಯಿಡುತ್ತದೆ. ನಮ್ಮ ಎಕ್ಕದ ಗಿಡದ ದೂರದ ನೆಂಟ ಇದು. ಎಲೆ ಮುರಿದರೆ ಅದೇ ಬಿಳಿ ಹಾಲು. ಎಕ್ಕದ ಮೇಲೆ ಬೆಳೆಯುವ ನಮ್ಮೂರಿನ ಪ್ಲೇನ್ ಟೈಗರ್ ಚಿಟ್ಟೆಯೂ ಮೊನಾರ್ಕ್‌ನ ಕುಲದ್ದೇ. ಇಷ್ಟು ಗೊತ್ತಾದ ಮೇಲೆ ಉಳಿದದ್ದೆಲ್ಲ ಸುಲಭವೆಂದು ಭಾವಿಸಿ 4 ಡಾಲರಿನ ಒಂದು ಪೊಟ್ಟಣ ಮಿಲ್ಕ್‌ವೀಡ್ ಬೀಜ ತಂದೆ. ಹೆಸರುಕಾಳಿಗೆ ಮಾಡುವಂತೆ ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಎರಡು ದಿನದ ಮೇಲೆ ಕಿಟಕಿಯ ಬಳಿ ಬೆಚ್ಚಗೆ ಕುಂಡದಲ್ಲಿ ಬಿತ್ತಿದೆ.

ಐದು ವಾರ ಕಾದ ಮೇಲೆ ಮೂರು ಮೊಳಕೆ ಕಂಡವು. ಮೂರೂ ಬುಡ ಕೊಳೆತು ಮಲಗಿದವು.

ಪೊಟ್ಟಣದ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಬರೆದಿತ್ತು: ಬಿತ್ತುವ ಮುನ್ನ 30 ದಿನ ಒದ್ದೆ ಮರಳಿನಲ್ಲಿ, ಫ್ರಿಜ್ಜಿನ ತಂಪಿನಲ್ಲಿ ಇಡಬೇಕು. ಚಳಿ ಕಂಡ ಮೇಲೆಯೇ ಬೀಜಕ್ಕೆ ಎಚ್ಚರ. ನಾನು ಅದನ್ನು ಚಳಿಯಿಂದ ಕಾಪಾಡುತ್ತ ಕೂತಿದ್ದೆ.

ಸೆಪ್ಟೆಂಬರ್ 2023: ಜಾಗ, ಹಳದಿ ಗೆರೆ, ರಟ್ಟು

ದಿನಕ್ಕೆ ಆರು ಗಂಟೆಗಿಂತ ಹೆಚ್ಚು ಬಿಸಿಲು ಬೀಳುವ ಜಾಗ ಹಿತ್ತಿಲಲ್ಲಿ ಒಂದೇ ಇತ್ತು, ಗ್ಯಾರೇಜಿನ ದಕ್ಷಿಣಕ್ಕೆ. ಗೋಡೆಗೆ ಅಂಟಿಕೊಂಡೇ ಪಾತಿ ಮಾಡುವುದೆಂದು ದಾರ ಕಟ್ಟಿದೆ. ಇಲ್ಲಿ ನೆಲ ಅಗೆಯುವ ಮುನ್ನ 811ಕ್ಕೆ ಕರೆ ಮಾಡಬೇಕು. ನೆಲದಡಿಯ ಕೊಳವೆ, ತಂತಿಗಳ ಮೇಲೆ ಬಣ್ಣದ ಗೆರೆ ಎಳೆದು ಹೋಗುತ್ತಾರೆ, ದುಡ್ಡಿಲ್ಲ. ನನ್ನ ದಾರದ ಒಳಗೇ ಹಳದಿ ಗೆರೆ ಹಾದುಹೋಗಿತ್ತು. ಹಳದಿಯೆಂದರೆ ಗ್ಯಾಸ್. ದಾರ ಬಿಚ್ಚಿ, ಗೆರೆಯಿಂದ 3 ಅಡಿ ಆಚೆಗೆ ಮತ್ತೆ ಕಟ್ಟಿದೆ. ಕೊನೆಗೆ ಸಿಕ್ಕಿದ್ದು 18 ಅಡಿ ಉದ್ದ, 8 ಅಡಿ ಅಗಲ, ನಾಲ್ಕೂ ಕಡೆ ಬಯಲು.

ಮೊದಲು ಹುಲ್ಲುಹಾಸನ್ನು ಗುದ್ದಲಿಯಿಂದ ಕೀಳಲು ಹೋದೆ. ಜಿಗುಟು ಜೇಡಿಮಣ್ಣು. ಎರಡು ಗಂಟೆಯಲ್ಲಿ ಒಂದು ಬಾಗಿಲ ಅಗಲದಷ್ಟು ಜಾಗ ಬಿಡಿಸಿದೆ, ಮರುದಿನ ಸೊಂಟ ಬಾಗಲಿಲ್ಲ. ಅಲ್ಲಿಗೆ ಅಗೆತ ನಿಂತಿತು.

ಎರಡನೆಯ ದಾರಿ: ಹುಲ್ಲಿನ ಮೇಲೆ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಹಾಸಿ, ಒಂದರ ಅಂಚು ಇನ್ನೊಂದರ ಮೇಲೆ 6 ಅಂಗುಲ ಬರುವಂತೆ ಜೋಡಿಸಿ, ಚೆನ್ನಾಗಿ ನೆನೆಸಿ, ಮೇಲೆ 4 ಅಂಗುಲ ಕಾಂಪೋಸ್ಟ್ ಸುರಿಯುವುದು. ಲೆಕ್ಕ ಹಾಕಿದರೆ 144 ಚದರ ಅಡಿಗೆ 48 ಘನ ಅಡಿ ಬೇಕು, ಅಂದರೆ ಎರಡು ಘನಗಜಕ್ಕೆ ಸ್ವಲ್ಪ ಕಡಿಮೆ. ಎರಡು ಘನಗಜ ತರಿಸಿದೆ, ಸಾಗಣೆ ಸೇರಿ 164 ಡಾಲರ್. ಲಾರಿಯವನು ಮನೆಯ ಮುಂದೆ ಸುರಿದು ಹೋದ. ಪಕ್ಕದ ಮನೆಯ ಕೈಗಾಡಿ ಎರವಲು ತಂದು ಹಿತ್ತಿಲಿಗೆ ಸಾಗಿಸಿದೆ, 31 ಸುತ್ತು.

ಇಲ್ಲಿ ಮಾಡಿದ ತಪ್ಪು ಇಂದಿಗೂ ಕಾಡುತ್ತಿದೆ. ಕತ್ತಲಾಗುತ್ತಿತ್ತು, ಮಳೆಯ ಸೂಚನೆಯೂ ಇತ್ತು. ರಟ್ಟಿನ ಮೇಲಿನ ಪ್ಲಾಸ್ಟಿಕ್ ಅಂಟುಪಟ್ಟಿಯನ್ನು ಅರ್ಧಕ್ಕಷ್ಟೇ ಕಿತ್ತೆ, ಉಳಿದದ್ದನ್ನು ಹಾಗೆಯೇ ಮುಚ್ಚಿದೆ. ರಟ್ಟು ಒಂದೇ ವರ್ಷದಲ್ಲಿ ಮಣ್ಣಾಯಿತು. ಅಂಟುಪಟ್ಟಿ ಆಗಲಿಲ್ಲ.

ಜನವರಿ–ಮಾರ್ಚ್ 2024: ಹಾಲಿನ ಡಬ್ಬಿಗಳ ಮೊಳಕೆಮನೆ

ಅಂಗಡಿಯಲ್ಲಿ ಸಿಗುವ ಸಸಿಗಳಿಗೆ ಕೆಲವೊಮ್ಮೆ ಗಿಡದ ಒಳಗೇ ಸೇರಿಕೊಳ್ಳುವ ಕೀಟನಾಶಕ ಹಾಕಿರುತ್ತಾರೆ. ಅಂಥ ಗಿಡದ ಎಲೆ ತಿಂದ ಹುಳು ಉಳಿಯುವುದಿಲ್ಲ. ಆದ್ದರಿಂದ ಎಲ್ಲವನ್ನೂ ಬೀಜದಿಂದಲೇ ಮಾಡುವುದೆಂದು ಹಟ ಹಿಡಿದೆ. ಆರು ಬಗೆ, ಪೊಟ್ಟಣಕ್ಕೆ 4 ಡಾಲರಿನಂತೆ 24: ಸ್ವಾಂಪ್ ಮಿಲ್ಕ್‌ವೀಡ್, ಕಿತ್ತಳೆ ಹೂವಿನ ಬಟರ್‌ಫ್ಲೈ ವೀಡ್, ನೇರಳೆ ಕೋನ್‌ಫ್ಲವರ್, ವೈಲ್ಡ್ ಬರ್ಗಮಾಟ್, ಮೆಡೋ ಬ್ಲೇಜಿಂಗ್ ಸ್ಟಾರ್, ನ್ಯೂ ಇಂಗ್ಲೆಂಡ್ ಆಸ್ಟರ್.

ಮನೆಯಲ್ಲಿ ಮೊಸರಿಗೆ ವಾರಕ್ಕೆ ಎರಡು ಗ್ಯಾಲನ್ ಹಾಲು ಬೇಕು. ಎರಡು ತಿಂಗಳಲ್ಲಿ 16 ಡಬ್ಬಿ ಕೂಡಿದವು. ಮಾಡಿದ ಕ್ರಮ ಹೀಗೆ. ತಳದಿಂದ 4 ಅಂಗುಲ ಎತ್ತರದಲ್ಲಿ ಸುತ್ತ ಕತ್ತರಿಸಿ, ಹಿಡಿಕೆಯ ಕೆಳಗೆ ಒಂದೂವರೆ ಅಂಗುಲ ಕತ್ತರಿಸದೆ ಬಿಟ್ಟೆ, ಅದೇ ಬಿಜಾಗರಿ. ಕಾಯಿಸಿದ ಮೊಳೆಯಿಂದ ತಳದಲ್ಲಿ ಎಂಟು ತೂತು. ಮೂರು ಅಂಗುಲ ಕುಂಡದ ಮಣ್ಣು, ಎರಡು ಚೀಲಕ್ಕೆ 26 ಡಾಲರ್. ಬೀಜ ಉದುರಿಸಿ, ಮುಚ್ಚಿ, ಸುತ್ತಲೂ ದಪ್ಪ ಟೇಪು ಸುತ್ತಿದೆ, 7 ಡಾಲರ್. ಮುಚ್ಚಳ ತೆಗೆದು, ಬಾಯಿ ತೆರೆದೇ ಹಿತ್ತಿಲ ಹಿಮದಲ್ಲಿ ಇಡಬೇಕು. ಹಿಮ ಕರಗಿ ಒಳಗಿಳಿದು ನೀರುಣಿಸುತ್ತದೆ, ಚಳಿಯೂ ತಾನಾಗಿ ಸಿಗುತ್ತದೆ.

ಆದರೆ ಹಿಮ ಬಿದ್ದದ್ದೇ ಕಡಿಮೆ. ಮಿನಿಯಾಪೊಲಿಸ್–ಸೇಂಟ್ ಪಾಲ್ ಅವಳಿ ನಗರಗಳ ದಾಖಲೆಯಲ್ಲೇ ಅತಿ ಬೆಚ್ಚಗಿನ ಚಳಿಗಾಲ ಅದು. ಕ್ರಿಸ್‌ಮಸ್ ದಿನ ಮಳೆ ಸುರಿದಿತ್ತು. ಹಿಮವನ್ನು ನಂಬಿ ಫೆಬ್ರವರಿಯಿಡೀ ಡಬ್ಬಿಗಳ ಕಡೆ ನೋಡಲೇ ಇಲ್ಲ. ಎತ್ತಿ ನೋಡಿದಾಗ ಖಾಲಿ ಡಬ್ಬಿಯಷ್ಟು ಹಗುರ, ಮಣ್ಣು ನಶ್ಯದ ಹಾಗೆ ಒಣಗಿತ್ತು. ಅಂದಿನಿಂದ ವಾರಕ್ಕೊಮ್ಮೆ ಚೊಂಬಿನಲ್ಲಿ ನೀರು. ಎರಡು ಡಬ್ಬಿಗಳಿಗೆ ತೂತು ಮಾಡುವುದನ್ನೇ ಮರೆತಿದ್ದೆ ಎಂಬುದು ಆಗ ತಿಳಿಯಿತು. ಅವೆರಡರಲ್ಲಿ ಕೆರೆ ನಿಂತಿತು.

ಮುಂಜಾಗ್ರತೆಗೆಂದು ಮಿಲ್ಕ್‌ವೀಡ್ ಬೀಜದ ಒಂದು ಪಾಲನ್ನು ಒದ್ದೆ ಮರಳಿನೊಂದಿಗೆ ಎರಡು ಚೀಲಗಳಲ್ಲಿ ಹಾಕಿ ಫ್ರಿಜ್ಜಿನಲ್ಲೂ ಇಟ್ಟಿದ್ದೆ, ದೋಸೆ ಹಿಟ್ಟಿನ ಹಿಂದೆ. ಒಂದು ಚೀಲವನ್ನು ನನ್ನ ಹೆಂಡತಿ, ಮುಗ್ಗಲು ಹಿಡಿದ ಹುರಿಹಿಟ್ಟೆಂದು ಎಸೆದಳು. ಹೆಸರು ಬರೆದಿರಲಿಲ್ಲ, ತಪ್ಪು ನನ್ನದೇ. ಉಳಿದ ಚೀಲದ 30 ಬೀಜಗಳಲ್ಲಿ 22 ಮೊಳೆತವು. ಹೋದ ವರ್ಷದ ನಲವತ್ತಕ್ಕೆ ಮೂರರ ಪಕ್ಕ ಇದನ್ನು ಬರೆದು ಅಡಿಗೆರೆ ಎಳೆದಿದ್ದೇನೆ.

ಹೆಸರಿನದೇ ಇನ್ನೊಂದು ಕತೆ. ಡಬ್ಬಿಗಳ ಮೇಲೆ ಅಳಿಸಲಾಗದ ಶಾಯಿಯೆಂದು ಮಾರುವ ಪೆನ್ನಿನಿಂದ ಬರೆದಿದ್ದೆ. ಮಾರ್ಚ್ ಬಿಸಿಲಿಗೆ ಏಳು ಡಬ್ಬಿಗಳ ಹೆಸರು ಮಾಯ. ಈಗ ಕಿಟಕಿಗೆ ಮರೆಯಾಗಿದ್ದ ಹಳೆಯ ಮಿನಿಬ್ಲೈಂಡಿನ ಪ್ಲಾಸ್ಟಿಕ್ ಪಟ್ಟಿ ಕತ್ತರಿಸಿ, ಸೀಸದ ಕಡ್ಡಿಯಿಂದ ಬರೆದು, ಡಬ್ಬಿಯ ಒಳಗೇ ಚುಚ್ಚುತ್ತೇನೆ. ಸೀಸದ ಬರಹ ಚಳಿಗಾಲ ಕಳೆದರೂ ಓದಲು ಬರುತ್ತದೆ.

ಮೇ 2024: ನಾಟಿ ಮತ್ತು ಮೊಲ

18 ಮತ್ತು 19ನೇ ತಾರೀಕು, ಶನಿವಾರ–ಭಾನುವಾರ. ಸಸಿಯಿಂದ ಸಸಿಗೆ ಒಂದೂವರೆ ಅಡಿ, ಒಟ್ಟು 54 ಸಸಿ, ನಡುವೆ ಕಾಲಿಡಲು ನಾಲ್ಕು ಚಪ್ಪಟೆ ಕಲ್ಲು. ಕಲ್ಲುಗಳು ಕಪ್ಪಗಿರುವುದನ್ನೇ ಆರಿಸಿದೆ. ಇಲ್ಲಿಯ ಬೆಳಗಿನ ತಂಪಿಗೆ ಚಿಟ್ಟೆ ಮೈ ಕಾಯಿಸಿಕೊಳ್ಳದೆ ಹಾರಲಾರದು; ಕಪ್ಪು ಕಲ್ಲು ಬೇಗ ಕಾಯುತ್ತದೆ. ಈ ಇಡೀ ಕೆಲಸದಲ್ಲಿ ಮೊದಲ ಸಲಕ್ಕೇ ಸರಿಹೋದದ್ದು ಇದೊಂದೇ. ಖಾಲಿ ಉಳಿದ ಅಂಚಿನಲ್ಲಿ 3 ಡಾಲರಿನ ಜಿನಿಯಾ ಬೀಜ ನೇರವಾಗಿ ಬಿತ್ತಿದೆ.

ಹೆಸರು ಅಳಿಸಿದ ಡಬ್ಬಿಗಳ ಸಸಿಗಳನ್ನು ಮುಖ ನೋಡಿ ಊಹಿಸಿ ನೆಟ್ಟೆ. ಮುಂದಿನ ಸಾಲಿಗೆ ಗಿಡ್ಡವೆಂದು ನೆಟ್ಟದ್ದು ಆಸ್ಟರ್. ಅದು ಸೆಪ್ಟೆಂಬರ್ ಹೊತ್ತಿಗೆ ನನ್ನ ಎದೆಯೆತ್ತರ ಬೆಳೆದು, ಹಿಂದಿನ ಸಾಲುಗಳನ್ನು ಪೂರ್ತಿ ಮರೆಮಾಡಿತು.

ನಾಟಿಯಾದ ನಾಲ್ಕನೆಯ ಬೆಳಿಗ್ಗೆ ಬ್ಲೇಜಿಂಗ್ ಸ್ಟಾರ್ ಎಲ್ಲವೂ ಕತ್ತರಿಯಿಂದ ಕತ್ತರಿಸಿದಂತೆ ನೆಲಸಮ. ಮೊಲ. 2 ಅಡಿ ಎತ್ತರ, 50 ಅಡಿ ಉದ್ದದ ಕೋಳಿಬಲೆಯ ಸುರುಳಿ 38 ಡಾಲರ್, ಗೂಟಗಳು 14. ಬಿಗಿದು ಕೊನೆಗೆ ಬಂದಾಗ ಬಲೆ ಮುಗಿದಿತ್ತು, ಪಾತಿ ಮುಗಿದಿರಲಿಲ್ಲ. ಹದಿನೆಂಟೆರಡಲ ಮೂವತ್ತಾರು, ಎಂಟೆರಡಲ ಹದಿನಾರು, ಒಟ್ಟು 52. ಮಗ್ಗಿ ಹೇಳಿಕೊಂಡೇ ಅಂಗಡಿಗೆ ಹೋಗಬೇಕಿತ್ತು. ಎರಡು ಅಡಿಯ ಆ ಬಾಗಿಲಿನಿಂದ ಮೊಲ ಮರುದಿನವೇ ರಾಜಮರ್ಯಾದೆಯಲ್ಲಿ ಒಳಗೆ ಬಂತು. ಅಲ್ಲಿಗೆ ಹಳೆಯ ಓವನ್ನಿನ ಜಾಲರಿ ಕಟ್ಟಿದೆ. ಆಮೇಲೆ ಬಲೆಯ ಅಡಿಯಿಂದ ನುಸುಳಿತು. ಕೆಳಗಿನ 6 ಅಂಗುಲವನ್ನು ಹೊರಕ್ಕೆ ಮಡಚಿ, ನೆಲಕ್ಕೆ ಹಾಸಿ, ಕಲ್ಲು ಹೇರಿದ ಮೇಲೆ ನಿಂತಿತು. ಉಳಿದ ಎತ್ತರ 18 ಅಂಗುಲವಷ್ಟೇ, ಆದರೂ ಹಾರಿ ಬಂದಿಲ್ಲ.

ಜೂನ್–ಆಗಸ್ಟ್ 2024: ಬೇವಿನ ಎಣ್ಣೆ

ಜೂನ್ ಪೂರ್ತಿ ಮಳೆ. ರಾಜ್ಯದ ನದಿಗಳಲ್ಲಿ ಪ್ರವಾಹ. ಹೆಸರಿಗೆ ತಕ್ಕಂತೆ ಸ್ವಾಂಪ್ ಮಿಲ್ಕ್‌ವೀಡ್ ಕೆಸರಿನಲ್ಲಿ ಕಳೆಗಟ್ಟಿತು. ನೀರು ಬಸಿಯುವ ಮಣ್ಣು ಬೇಡುವ ಬಟರ್‌ಫ್ಲೈ ವೀಡ್ ಒಂಬತ್ತರಲ್ಲಿ ಎಂಟು ಕೊಳೆತವು. ಜೇಡಿಮಣ್ಣಿನಲ್ಲಿ ಅದನ್ನು ನೆಟ್ಟದ್ದೇ ತಪ್ಪು, ಮಳೆಯನ್ನು ದೂರಿ ಪ್ರಯೋಜನವಿಲ್ಲ.

ಜುಲೈ 9: ಎಲೆಯಡಿಯಲ್ಲಿ ಸಬ್ಬಕ್ಕಿಗಿಂತ ಚಿಕ್ಕ, ಕೆನೆಬಣ್ಣದ ಮೊಟ್ಟೆಗಳು. ಒಂದೆಲೆಗೆ ಒಂದು. ನಾಲ್ಕನೆಯ ದಿನಕ್ಕೆ ಮೊದಲ ಹುಳು ಹೊರಬಂತು. ಜುಲೈ 17ರ ಹೊತ್ತಿಗೆ ಎಣಿಸಿದರೆ ಹನ್ನೊಂದು ಹುಳು, ಹಳದಿ, ಕಪ್ಪು, ಬಿಳಿ ಪಟ್ಟೆ. ಆಫೀಸಿನ ಕೆಲಸದ ನಡುವೆ ದಿನಕ್ಕೆ ನಾಲ್ಕು ಸಲ ಎದ್ದು ಹೋಗಿ ನೋಡುತ್ತಿದ್ದೆ.

ಅದೇ ವಾರ ಮಿಲ್ಕ್‌ವೀಡ್ ಕಾಂಡಗಳಿಗೆ ಹಳದಿ ಹೇನು ಮುತ್ತಿತು, ಅರಿಸಿನ ಬಳಿದ ಹಾಗೆ. ಊರಿನಲ್ಲಿ ಅವರೆಗೆ ಹೇನು ಬಂದರೆ ಏನು ಮಾಡುತ್ತೇವೆ? ಬೇವು. ಬೇವಿನಲ್ಲಿ ವಿಷವೆಲ್ಲಿ, ಎಂಬ ನಂಬಿಕೆ ರಕ್ತದಲ್ಲೇ ಇದೆ. 13 ಡಾಲರಿನ ಬೇವಿನ ಎಣ್ಣೆ ತಂದು, ಗ್ಯಾಲನ್ ನೀರಿಗೆ ಎರಡು ದೊಡ್ಡ ಚಮಚ ಬೆರೆಸಿ, ಕಣ್ಣಿಗೆ ಕಂಡ ಹುಳುಗಳ ಮೇಲೆ ಬೀಳದಂತೆ ಜೋಪಾನವಾಗಿ ಸಿಂಪಡಿಸಿದೆ. ಹುಳುವಿನ ಮೇಲೆ ಬೀಳದಿದ್ದರೇನು, ಅದು ತಿನ್ನುವ ಎಲೆಯ ಮೇಲೆ ಬಿತ್ತಲ್ಲ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಹುಳುವನ್ನು ಕೂಡಲೇ ಕೊಲ್ಲುವುದಿಲ್ಲ. ಅದು ಪೊರೆ ಕಳಚಿ ಬೆಳೆಯುವುದನ್ನು ತಡೆಯುತ್ತದೆ. ಮೂರು ದಿನದ ಮೇಲೆ ಎಣಿಸಿದರೆ ನಾಲ್ಕು. ಉಳಿದ ಏಳರಲ್ಲಿ ಮೂರು, ಅರ್ಧ ಕಳಚಿದ ಪೊರೆಯೊಳಗೇ ಕಪ್ಪಾಗಿ ಎಲೆಗೆ ಅಂಟಿದ್ದವು. ನಾಲ್ಕು ಸಿಗಲೇ ಇಲ್ಲ.

ನೋಟ್‌ಪುಸ್ತಕದಲ್ಲಿ ಆ ದಿನದ ಪುಟದಲ್ಲಿ ಸಂಖ್ಯೆಗಳಷ್ಟೇ ಇವೆ. ಹೇನು ಮಿಲ್ಕ್‌ವೀಡನ್ನು ಸಾಯಿಸುವುದು ಅಪರೂಪ, ಸುಮ್ಮನಿದ್ದಿದ್ದರೂ ನಡೆಯುತ್ತಿತ್ತು. ಈಗ ಮಾಡುವುದು ಇಷ್ಟೇ: ಎಲೆ ಮಗುಚಿ ಮೊಟ್ಟೆ, ಹುಳು ನೋಡಿಕೊಂಡು, ಕಾಂಡವನ್ನು ಒಂದು ಕೈಯಲ್ಲಿ ಹಿಡಿದು ಕೊಳವೆಯ ನೀರು ಬಿಡುವುದು. ಅದಕ್ಕೆಂದು ತಂದ ನಳಿಕೆ 11 ಡಾಲರ್. ಕೈಗವಸು ಹಾಕಿಕೊಳ್ಳಿ, ಆ ಹಾಲು ಕಣ್ಣಿಗೆ ತಾಗಿದರೆ ಎಕ್ಕದ ಹಾಲಿನಷ್ಟೇ ಅಪಾಯ.

ಉಳಿದ ನಾಲ್ಕು ಹುಳುಗಳನ್ನು ಬಲೆ ಕಟ್ಟಿದ ಡಬ್ಬಿಗೆ ತಂದೆ. ಮೊದಲ ವರ್ಷದ ಗಿಡಗಳಲ್ಲಿ ಬೇವು ತಾಗದ ಎಲೆ ಸಾಲಲಿಲ್ಲ. ಸೈಕಲ್ ಹಾದಿಯ ಅಂಚಿನ ಮಿಲ್ಕ್‌ವೀಡ್ ಎಲೆ ಕಿತ್ತು, ತೊಳೆದು, ಒರೆಸಿ ಹಾಕಿದೆ. ಒಂದು ಹುಳು ತಲೆಕೆಳಗಾಗಿ ಜೋತು ನಿಂತು ಬಾಡಿತು. ಅದರಿಂದ ಬಿಳಿ ದಾರದಂಥವು ಇಳಿದಿದ್ದವು. ಟ್ಯಾಕಿನಿಡ್ ಎಂಬ ನೊಣದ ಮರಿಗಳು ಅದರೊಳಗೆ ಬೆಳೆದಿದ್ದವು. ಉಳಿದ ಮೂರು, ಚಿನ್ನದ ಚುಕ್ಕಿಯ ಹಸಿರು ಕೋಶ ಕಟ್ಟಿ, ಆಗಸ್ಟ್ 6ರಿಂದ 8ರೊಳಗೆ ಹಾರಿದವು. ಹನ್ನೊಂದಕ್ಕೆ ಮೂರು.

ನೀರು ಕುಡಿಯಲೆಂದು ಮರಳು ತುಂಬಿದ ತಟ್ಟೆಯೊಂದನ್ನೂ ಇಟ್ಟಿದ್ದೆ. ಅಳಿಲುಗಳು ಕುಡಿದವು.

ಜುಲೈ–ಸೆಪ್ಟೆಂಬರ್ 2024: ಸಬ್ಬಸಿಗೆ

ಇದು ಯೋಜನೆಯಲ್ಲಿ ಇರಲೇ ಇಲ್ಲ. ಆ ಬೇಸಿಗೆಗೆ ಅಮ್ಮ ಬಂದಿದ್ದರು. ಅಕ್ಕಿರೊಟ್ಟಿಗೆ ಬೇಕೆಂದು ಪಾತಿಯ ತುದಿಯಲ್ಲಿ ಆರಡಿ ಉದ್ದದ ಒಂದು ಸಾಲು ಸಬ್ಬಸಿಗೆ ಹಾಕಿದ್ದರು. ಒಂದು ಬೆಳಿಗ್ಗೆ ಸೊಪ್ಪು ಕೊಯ್ಯಲು ಹೋದವರು ಕೂಗಿ ಕರೆದರು. ಎಸಳುಗಳ ಮೇಲೆ ಹಕ್ಕಿಯ ಹಿಕ್ಕೆಯಂಥ ಚಿಕ್ಕ ಹುಳುಗಳು, ಪಕ್ಕದಲ್ಲಿ ಹಸಿರು ಮೈಗೆ ಕಪ್ಪು ಪಟ್ಟೆ, ಹಳದಿ ಚುಕ್ಕಿಯ ದೊಡ್ಡವು. "ಇದು ನಮ್ಮ ಕರಿಬೇವಿನ ಹುಳುವಿನ ಜಾತಿಯೇ ಕಣೋ" ಎಂದು ಅಮ್ಮ ಕಡ್ಡಿಯಿಂದ ಒಂದರ ಬೆನ್ನು ಮುಟ್ಟಿದರು. ತಲೆಯ ಹಿಂದಿನಿಂದ ಎರಡು ಕಿತ್ತಳೆ ಕೊಂಬು ಚಿಮ್ಮಿದವು, ಜೊತೆಗೆ ಗಬ್ಬುನಾತ. "ನೋಡು, ಹೇಳಲಿಲ್ಲವೆ?"

ಹೇಳಿದ್ದು ಸರಿಯೇ. ಊರಿನಲ್ಲಿ ಕರಿಬೇವಿಗೂ ನಿಂಬೆಗೂ ಬರುವುದು ಕಾಮನ್ ಮಾರ್ಮನ್ ಚಿಟ್ಟೆ. ಇಲ್ಲಿ ಸಬ್ಬಸಿಗೆಗೆ ಬಂದದ್ದು ಬ್ಲ್ಯಾಕ್ ಸ್ವಾಲೋಟೇಲ್. ಎರಡೂ ಬಾಲದ ಚಿಟ್ಟೆಗಳ ಒಂದೇ ಮನೆತನ. ಎರಡು ವರ್ಷ ಓದಿ, ಅಳೆದು, 300 ಡಾಲರಿನ ಸಮೀಪ ಸುರಿದ ನನ್ನ ಪಾತಿಗಿಂತ ಅಮ್ಮನ ಒಂದು ಸಾಲು ಸೊಪ್ಪಿನಲ್ಲಿ ಹೆಚ್ಚು ಹುಳು ಇದ್ದವು. ರೊಟ್ಟಿ ಈರುಳ್ಳಿಯದಾಯಿತು. ಅಮ್ಮ ಜುಲೈ ಕೊನೆಗೆ ಇನ್ನೊಂದು ಸಾಲು ಹಾಕಿದರು, ಅದನ್ನೂ ಸೆಪ್ಟೆಂಬರ್‌ನಲ್ಲಿ ಹುಳುಗಳೇ ತಿಂದವು.

ಸೆಪ್ಟೆಂಬರ್ ತಿಂಗಳಿಡೀ ಮಳೆಯ ಹೆಸರಿಲ್ಲ. ವಾರಕ್ಕೆ ಎರಡು ಸಲ, ಪ್ರತಿ ಸಲ ಮುಕ್ಕಾಲು ಗಂಟೆ ನೀರು ಬಿಟ್ಟೆ. ಎದುರು ಸಾಲಿನಲ್ಲಿ ತಪ್ಪಿ ನಿಂತ ಆಸ್ಟರ್ ನೇರಳೆ ಹೂ ಬಿಟ್ಟಿತು. 14ನೇ ತಾರೀಕು ಸಂಜೆ ಅದರ ಮೇಲೆ ಒಟ್ಟಿಗೆ ಐದು ಮೊನಾರ್ಕ್‌ಗಳು, ಮೆಕ್ಸಿಕೋದ ಮಿಚೋಆಕಾನ್ ಬೆಟ್ಟಗಳವರೆಗಿನ ಸುಮಾರು ಮೂರು ಸಾವಿರ ಕಿಲೋಮೀಟರ್ ಹಾದಿಗೆ ಬುತ್ತಿ ತುಂಬಿಕೊಳ್ಳುತ್ತಿದ್ದವು. ಜಿನಿಯಾದ ಮೇಲೆ ಇನ್ನೆರಡು. ಬೀಜಕ್ಕೆ ಹೋದ 3 ಡಾಲರಿನಷ್ಟು ಲಾಭದ ಹಣ ಈ ಪಾತಿಯಲ್ಲಿ ಇನ್ನೊಂದಿಲ್ಲ.

ಅಕ್ಟೋಬರ್ 26, 2024: ಕಸದ ಚೀಲ

ಒಣಗಿದ ಗಿಡ ಕಂಡರೆ ಕೀಳುವುದು, ಎಲೆ ಕಂಡರೆ ಗುಡಿಸುವುದು, ನನ್ನ ಕೈಗೆ ಬೇರೆ ಗೊತ್ತಿಲ್ಲ. ಶನಿವಾರ ಬೆಳಿಗ್ಗೆ ಕತ್ತರಿ ಹಿಡಿದು ನೆಲದ ಮಟ್ಟಕ್ಕೆ ಕತ್ತರಿಸುತ್ತ ಹೋದೆ. ಮೂರು ಕಾಗದದ ಚೀಲ ತುಂಬಿ ರಸ್ತೆಯಂಚಿಗೆ ಇಟ್ಟು, ನಾಲ್ಕನೆಯದು ತುಂಬುವಾಗ ಕೋನ್‌ಫ್ಲವರ್ ಕಾಂಡಕ್ಕೆ ಏನೋ ಅಂಟಿರುವುದು ಕಂಡಿತು. ಮುರಿದ ಕಡ್ಡಿಯ ಬಣ್ಣ, ಒಂದೂಕಾಲು ಅಂಗುಲ, ಸೊಂಟಕ್ಕೆ ಒಂದೆಳೆ ರೇಷ್ಮೆಯ ದಾರ. ಸ್ವಾಲೋಟೇಲ್ ಕೋಶ. ಮೊನಾರ್ಕ್‌ನಂತೆ ಇದು ವಲಸೆ ಹೋಗುವುದಿಲ್ಲ. ಹೀಗೆಯೇ, ಹಿಮದಲ್ಲೇ, ಕೋಶವಾಗಿ ಚಳಿಗಾಲ ಕಳೆಯುತ್ತದೆ.

ಮೂರೂ ಚೀಲಗಳನ್ನು ವಾಪಸು ತಂದು ಗ್ಯಾರೇಜಿನ ನೆಲಕ್ಕೆ ಸುರಿದು, ಒಂದೊಂದೇ ಕಡ್ಡಿ ತಿರುಗಿಸಿ ನೋಡಿದೆ. ಎರಡೂವರೆ ಗಂಟೆ. ಇನ್ನೊಂದು ಕೋಶ ಸಿಕ್ಕಿತು. ಎಷ್ಟು ತುಳಿದೆನೋ, ಕತ್ತರಿಸಿದೆನೋ ಲೆಕ್ಕವಿಲ್ಲ. ಉಳಿದ ಅರ್ಧ ಪಾತಿಯನ್ನು ಮುಟ್ಟಲಿಲ್ಲ, ಎಲೆಯನ್ನೂ ಗುಡಿಸಲಿಲ್ಲ.

ಎರಡೂ ಕಡ್ಡಿಗಳನ್ನು ಈರುಳ್ಳಿಯ ಬಲೆಚೀಲದಲ್ಲಿಟ್ಟು ಶೆಡ್ಡಿನ ಉತ್ತರ ಗೋಡೆಗೆ ನೇತುಹಾಕಿದೆ. ಮನೆಯೊಳಗೆ ತರಬೇಕೆಂದು ಕೈ ತುರಿಸುತ್ತಿತ್ತು. ತಂದಿದ್ದರೆ ಬೆಚ್ಚಗಾಗಿ ಡಿಸೆಂಬರಿನಲ್ಲೇ ಹೊರಬಂದು, ಹೂವಿಲ್ಲದೆ ಸಾಯುತ್ತಿತ್ತು. ಜನವರಿಯಲ್ಲಿ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದ ರಾತ್ರಿ ಎರಡು ಸಲ ಎದ್ದು ಕಿಟಕಿಯಿಂದ ಆ ಚೀಲದತ್ತ ನೋಡಿದ್ದೇನೆ. ನೋಡಿ ಮಾಡುವುದೇನೂ ಇರಲಿಲ್ಲ.

ಮೇ–ಜುಲೈ 2025

ಮೇ 10: ಕೋನ್‌ಫ್ಲವರ್, ಬರ್ಗಮಾಟ್, ಆಸ್ಟರ್ ಎಲ್ಲ ಚಿಗುರಿವೆ, ಮಿಲ್ಕ್‌ವೀಡ್ ಮಾತ್ರ ಇಲ್ಲ. ಸತ್ತಿತೆಂದು ಒಂದರ ಬುಡಕ್ಕೆ ಸಲಿಕೆ ಹಾಕಿದೆ. ಮಣ್ಣಿನೊಳಗೆ ಬೆರಳುದ್ದದ ಬಿಳಿ ಮೊಗ್ಗುಗಳು, ಎರಡು ತುಂಡಾಗಿದ್ದವು. ಮಿಲ್ಕ್‌ವೀಡ್ ಎಲ್ಲಕ್ಕಿಂತ ತಡವಾಗಿ ಏಳುವ ಗಿಡ. ಉಳಿದವು ಮೇ 24ರ ಹೊತ್ತಿಗೆ ಎದ್ದವು.

ಮೇ 19: ಒಂದು ಕೋಶದ ಪಕ್ಕದಲ್ಲಿ ದುಂಡಗಿನ ತೂತು, ಒಳಗಿದ್ದದ್ದು ಕಣಜ, ಅದು ಹೊರಟುಹೋಗಿತ್ತು. ಮೇ 23, ಬೆಳಿಗ್ಗೆ 9.40: ಇನ್ನೊಂದರಿಂದ ಚಿಟ್ಟೆ. ಬಲೆಚೀಲ ಕತ್ತರಿಸಿ ಕಡ್ಡಿಯನ್ನು ಕಪ್ಪು ಕಲ್ಲಿನ ಮೇಲಿಟ್ಟೆ. ಒಂದು ಗಂಟೆ ಹತ್ತು ನಿಮಿಷ ರೆಕ್ಕೆ ಒಣಗಿಸಿಕೊಂಡು ಬೇಲಿ ದಾಟಿತು. ಭಾರತದಲ್ಲಿ ರಾತ್ರಿಯಾಗಿದ್ದರೂ ಅಮ್ಮನಿಗೆ ವಿಡಿಯೊ ಕರೆ ಮಾಡಿ ತೋರಿಸಿದೆ. "ಸಬ್ಬಸಿಗೆ ಹಾಕಿದೆಯಾ?" ಎಂದರು. ಹಾಕಿರಲಿಲ್ಲ. ಅಂದು ಸಂಜೆ ಮೂರು ಸಾಲು ಹಾಕಿದೆ.

ಜೂನ್: ಆಸ್ಟರನ್ನು ಹಿಂದಿನ ಸಾಲಿಗೆ ಸ್ಥಳಾಂತರಿಸಿದೆ, ನಾಲ್ಕರಲ್ಲಿ ಒಂದು ಹೋಯಿತು. ಬಟರ್‌ಫ್ಲೈ ವೀಡ್‌ಗೆ ಮೂರು ಚೀಲ ಮರಳಿನಿಂದ, 18 ಡಾಲರ್, ಎಂಟಂಗುಲದ ದಿಬ್ಬ. ಮರಳನ್ನು ಜೇಡಿಗೆ ಬೆರೆಸಲಿಲ್ಲ, ಬೆರೆಸಿದರೆ ಇಟ್ಟಿಗೆಯಾಗುತ್ತದೆ. ಕಾಂಪೋಸ್ಟಿನೊಡನೆ ಕಲಸಿ ಮೇಲೆ ಪೇರಿಸಿದೆ. ಇದುವರೆಗಿನ ಒಟ್ಟು ಖರ್ಚು 322 ಡಾಲರ್. ಅದರಲ್ಲಿ ಬೇವಿನ ಎಣ್ಣೆಯ 13, ಮುಕ್ಕಾಲು ಸೀಸೆ ಇನ್ನೂ ಗ್ಯಾರೇಜಿನಲ್ಲಿದೆ.

ಜುಲೈ 12: ಮಿಲ್ಕ್‌ವೀಡ್ ಮೇಲೆ ಹುಳು ಹತ್ತೊಂಬತ್ತು, ಹೇನು ಲೆಕ್ಕವಿಲ್ಲ. ಕಳೆ ಕೀಳುವಾಗ ಮತ್ತೊಂದು ಗೇಣುದ್ದದ ಅಂಟುಪಟ್ಟಿ ಮೇಲೆ ಬಂತು. ಇದಕ್ಕೂ ನೋಟ್‌ಪುಸ್ತಕದ ಕೊನೆಯಲ್ಲಿ ಒಂದು ಪುಟ ಇಟ್ಟಿದ್ದೇನೆ. ಇದು ಇಪ್ಪತ್ತಮೂರನೆಯದು.